ಮುಖದ ಫಿಲ್ಲರ್ ಇಂಜೆಕ್ಷನ್ ನಂತರ ತೊಂದರೆ ಕಂಡರೆ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಕಚೇರಿ ಮುಗಿಸಿಕೊಂಡು ಸಂಜೆ ಹೊತ್ತಿಗೆ ಜಯನಗರದಲ್ಲೋ ಇಂದಿರಾನಗರದಲ್ಲೋ ಒಂದು ಕ್ಲಿನಿಕ್‌ಗೆ ಹೋಗಿ ತುಟಿಗೆ, ಕೆನ್ನೆಗೆ ಅಥವಾ ಕಣ್ಣಿನ ಕೆಳಗಿನ ಗುಳಿಗೆ ಫಿಲ್ಲರ್ (ಉಬ್ಬು ಬರಲೆಂದು ಚರ್ಮದಡಿ ಚುಚ್ಚಿ ತುಂಬುವ ವಸ್ತು) ಹಾಕಿಸಿಕೊಂಡು ಬರುವುದು ಬೆಂಗಳೂರಿನಲ್ಲಿ ಈಗ ಅಪರೂಪದ ಸಂಗತಿಯಲ್ಲ. ಬಹುಪಾಲು ಮಂದಿಗೆ ಒಂದಿಷ್ಟು ಊತ, ಒಂದಿಷ್ಟು ನೋವು ಬಿಟ್ಟರೆ ಬೇರೇನೂ ಆಗುವುದಿಲ್ಲ. ತೊಂದರೆಯಾಗುವ ಕೆಲವರಿಗೆ ಅದು ಎಷ್ಟೋ ಸಲ ಗೊತ್ತಾಗುವುದು ಮನೆಗೆ ಬಂದ ಮೇಲೆ, ಮರಗಟ್ಟಿಸಿದ ಔಷಧದ ಪ್ರಭಾವ ಇಳಿದು, ಕ್ಲಿನಿಕ್ ಬಾಗಿಲು ಹಾಕಿದ ನಂತರ. ಆ ಹೊತ್ತಿನಲ್ಲಿ ಕನ್ನಡಿಯ ಮುಂದೆ ನಿಂತವರೂ ಮನೆಯವರೂ ಮಾಡಬೇಕಾದ ಮುಖ್ಯ ತೀರ್ಮಾನ ಒಂದೇ: ಇದು ಬೆಳಗಿನವರೆಗೆ ಕಾಯಬಹುದಾದ ತೊಂದರೆಯೇ, ಅಲ್ಲವೇ ಎಂಬುದು. ಆ ತೀರ್ಮಾನಕ್ಕೂ ನಂತರದ ಚಿಕಿತ್ಸೆಗೂ ನೆರವಾಗಲೆಂದು ಈ ಲೇಖನ. ಇಲ್ಲಿ ಬರುವ ಔಷಧಗಳ ಹೆಸರು, ಪ್ರಮಾಣಗಳು ವೈದ್ಯರ ಜೊತೆ ತಿಳಿದು ಮಾತನಾಡುವುದಕ್ಕೆ ಮಾತ್ರ. ಮನೆಯಲ್ಲಿ ತಾವೇ ಪ್ರಯೋಗಿಸುವುದಕ್ಕಲ್ಲ.

ಚುಚ್ಚಿದ್ದು ಯಾವ ವಸ್ತು ಎಂದು ತಿಳಿದುಕೊಳ್ಳಿ

ಚಿಕಿತ್ಸೆಯ ದಾರಿ ಕವಲೊಡೆಯುವುದೇ ಇಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವುದು ಹೈಲುರಾನಿಕ್ ಆಮ್ಲದ ಜೆಲ್. ರೆಸ್ಟಿಲೇನ್, ಜುವೆಡರ್ಮ್ ಮುಂತಾದವು ಈ ಜಾತಿಗೆ ಸೇರಿದವು. ಇದಕ್ಕೊಂದು ಮದ್ದಿದೆ: ಹೈಲುರಾನಿಡೇಸ್ ಎಂಬ ಕಿಣ್ವ. ಅದನ್ನು ಅದೇ ಜಾಗಕ್ಕೆ ಚುಚ್ಚಿದರೆ ಜೆಲ್ ಕರಗಲಾರಂಭಿಸುತ್ತದೆ, ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್ ಇರುವ ರೇಡಿಯೆಸ್, ಪಾಲಿ ಲ್ಯಾಕ್ಟಿಕ್ ಆಮ್ಲದ ಸ್ಕಲ್ಪ್‌ಟ್ರಾ, ಪಿಎಂಎಂಎ ಎಂಬ ಪ್ಲಾಸ್ಟಿಕ್‌ನ ಕಣಗಳಿರುವ ಫಿಲ್ಲರ್‌ಗಳು ಈ ಕಿಣ್ವಕ್ಕೆ ಕರಗುವುದಿಲ್ಲ. ದ್ರವ ಸಿಲಿಕೋನ್ ಚುಚ್ಚಿದ್ದರಂತೂ ಅದು ಅಂಗಾಂಶದೊಳಗೆ ಶಾಶ್ವತವಾಗಿ ಉಳಿಯುತ್ತದೆ, ಹಲವು ವರ್ಷಗಳ ನಂತರವೂ ಗಂಟು ಕಟ್ಟಬಹುದು.

ಒಳ್ಳೆಯ ಕಂಪನಿಗಳ ಫಿಲ್ಲರ್ ಪೆಟ್ಟಿಗೆಯೊಳಗೆ ಸಿರಿಂಜಿನ ಜೊತೆ ಸಣ್ಣ ಅಂಟುಚೀಟಿಗಳಿರುತ್ತವೆ. ಬ್ರಾಂಡಿನ ಹೆಸರು, ಲಾಟ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅದರಲ್ಲಿ ಅಚ್ಚಾಗಿರುತ್ತವೆ. ಒಂದನ್ನು ಕ್ಲಿನಿಕ್‌ನ ಕಡತಕ್ಕೆ ಅಂಟಿಸಿ ಇನ್ನೊಂದನ್ನು ನಿಮ್ಮ ಕೈಗೆ ಕೊಡುವುದು ಸರಿಯಾದ ಕ್ರಮ. ಕೊಟ್ಟಿರದಿದ್ದರೆ ಈಗಲೇ ಫೋನ್ ಮಾಡಿ ಅದರ ಫೋಟೋ ಕಳಿಸಲು ಹೇಳಿ. ‘ಕೊರಿಯಾದ್ದು, ತುಂಬಾ ಒಳ್ಳೆಯದು’ ಎಂಬ ಉತ್ತರ ಯಾವ ವೈದ್ಯರಿಗೂ ಉಪಯೋಗಕ್ಕೆ ಬರುವುದಿಲ್ಲ. ಚೀಟಿ ಸಿಗಲಿಲ್ಲವೆಂದು ಆಸ್ಪತ್ರೆಗೆ ಹೊರಡುವುದನ್ನು ಮಾತ್ರ ತಡಮಾಡಬೇಡಿ. ಮನೆಯವರೊಬ್ಬರು ಆ ಕೆಲಸವನ್ನು ದಾರಿಯಲ್ಲೇ ಮಾಡಬಹುದು.

ಬಣ್ಣ ನೋಡಿ, ನೋವನ್ನು ಅಳೆಯಿರಿ, ದೃಷ್ಟಿಯನ್ನು ಪರೀಕ್ಷಿಸಿ

ಎಲ್ಲಕ್ಕಿಂತ ಭಯಪಡಬೇಕಾದ ತೊಂದರೆ ರಕ್ತನಾಳ ಕಟ್ಟಿಕೊಳ್ಳುವುದು. ಜೆಲ್ ಆಕಸ್ಮಿಕವಾಗಿ ಅಪಧಮನಿಯೊಳಗೆ ಹೋದರೆ, ಆ ನಾಳ ರಕ್ತ ಪೂರೈಸುವಷ್ಟು ಚರ್ಮಕ್ಕೆ ಆಮ್ಲಜನಕ ತಪ್ಪುತ್ತದೆ. ಹೊರಗಿನಿಂದ ನಾಳವನ್ನು ಒತ್ತಿದರೂ ರಕ್ತದ ಹರಿವು ಕಡಿಮೆಯಾಗಬಹುದು. ಅನುಭವಸ್ಥ ವೈದ್ಯರ ಕೈಯಲ್ಲೂ ಇದು ಆಗಬಹುದು ಎಂಬುದನ್ನು ಒಪ್ಪಿಕೊಳ್ಳಬೇಕು. ಅದನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವುದರಲ್ಲೇ ವೈದ್ಯರ ಯೋಗ್ಯತೆ ಗೊತ್ತಾಗುವುದು.

ಮೊದಲ ಸುಳಿವು ಬಣ್ಣ. ಚುಚ್ಚಿದ ಕೂಡಲೇ ಆ ಭಾಗ ಸುಣ್ಣದಂತೆ ಬಿಳಿಚಿಕೊಳ್ಳಬಹುದು. ಕೆಲವು ಗಂಟೆಗಳಲ್ಲಿ ಆ ಬಿಳುಪು ಹೋಗಿ ನೇರಳೆ ಛಾಯೆಯ ಜಾಲರಿಯಂಥ ಗುರುತುಗಳು ಮೂಡುತ್ತವೆ. ಸಾಮಾನ್ಯ ನೆತ್ತರುಗಟ್ಟು ಸೂಜಿ ಚುಚ್ಚಿದ ಜಾಗದ ಸುತ್ತ ಇರುತ್ತದೆ. ರಕ್ತನಾಳ ಕಟ್ಟಿದಾಗಿನ ಗುರುತು ನಾಳ ಹರಿದ ದಾರಿಯಲ್ಲಿ ದೂರದವರೆಗೆ ಹಬ್ಬುತ್ತದೆ. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗೆ ಚುಚ್ಚಿಸಿಕೊಂಡವರಲ್ಲಿ ಮೂಗಿನ ಹೊಳ್ಳೆಯೂ ಮೇಲ್ದುಟಿಯೂ ಬಣ್ಣಗೆಡುವುದು ಇದಕ್ಕೆ ಉದಾಹರಣೆ. ನಮ್ಮವರ ಕಂದು ಮೈಬಣ್ಣದಲ್ಲಿ ಈ ಬಿಳುಪೂ ನೇರಳೆಯೂ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ತುಟಿಯನ್ನು ಮಗುಚಿ ಒಳಮೈಯನ್ನೂ ಒಸಡನ್ನೂ ನೋಡಬೇಕು, ಎಡ ಬಲ ಹೋಲಿಸಬೇಕು, ಹಳದಿ ಬಲ್ಬಿನ ಕೆಳಗಲ್ಲದೆ ಬಿಳಿ ಬೆಳಕಿನಲ್ಲಿ ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯಿಂದ ಅನುಮಾನದ ಜಾಗವನ್ನು ಐದು ಸೆಕೆಂಡ್ ಮೆಲ್ಲಗೆ ಒತ್ತಿ ಹಿಡಿದು ಬಿಡಿ. ಒತ್ತಿದ ಜಾಗ ಮಸುಕಾಗಿರುತ್ತದೆ. ಅದಕ್ಕೆ ಮತ್ತೆ ಬಣ್ಣ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸಿ. ಎರಡು ಸೆಕೆಂಡಿನ ಆಸುಪಾಸಿನಲ್ಲಿ ಬಣ್ಣ ಮರಳಿದರೆ ರಕ್ತ ಹರಿಯುತ್ತಿದೆ ಎಂದು ತಿಳಿಯಬಹುದು. ಮೂರು ಸೆಕೆಂಡಿಗೂ ಮೀರಿದರೆ, ಅಥವಾ ಇನ್ನೊಂದು ಪಕ್ಕದ ಅದೇ ಜಾಗಕ್ಕಿಂತ ನಿಧಾನವಾದರೆ, ಅದು ಅಪಾಯದ ಸೂಚನೆ. ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ತೆಗೆದರೆ ವೈದ್ಯರಿಗೆ ತೋರಿಸಲು ಅನುಕೂಲ. ಪರೀಕ್ಷೆ ಸರಿಯಾಗಿದೆ ಎನಿಸಿದರೂ ಉಳಿದ ಲಕ್ಷಣಗಳು ಕೆಟ್ಟದಾಗಿದ್ದರೆ ಅದನ್ನೇ ನಂಬಿ ಕೂರಬಾರದು.

ಎರಡನೆಯ ಸುಳಿವು ನೋವು. ಗಂಟೆ ಕಳೆದಂತೆ ಕಡಿಮೆಯಾಗಬೇಕಾದ ನೋವು ಏರುತ್ತಲೇ ಹೋದರೆ ಎಚ್ಚರವಾಗಬೇಕು. ಆದರೆ ಇಂದಿನ ಹಲವು ಫಿಲ್ಲರ್‌ಗಳಲ್ಲಿ ಲಿಡೋಕೇನ್ ಎಂಬ ಮರಗಟ್ಟಿಸುವ ಔಷಧ ಬೆರೆತೇ ಇರುತ್ತದೆ, ಅದರ ಮೇಲೆ ಕ್ರೀಮನ್ನೂ ಹಚ್ಚಿರುತ್ತಾರೆ. ಹಾಗಾಗಿ ನೋವಿಲ್ಲ ಎಂದಮಾತ್ರಕ್ಕೆ ರಕ್ತನಾಳ ಕಟ್ಟಿಲ್ಲ ಎನ್ನಲಾಗದು.

ಮೂರನೆಯದು ದೃಷ್ಟಿ. ಒಂದೊಂದೇ ಕಣ್ಣನ್ನು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿ ನೋಡಿ. ಮಂಜಾಗಿ ಕಂಡರೆ, ಮುಂದೆ ‘ಕಣ್ಣು ಮಂಜಾದರೆ’ ಎಂಬ ಭಾಗದಲ್ಲಿ ಹೇಳಿರುವಂತೆ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಹೊರಡಿ.

ರಕ್ತನಾಳ ಕಟ್ಟಿದ ಅನುಮಾನ ಬಂದರೆ

ಚುಚ್ಚಿದ ವೈದ್ಯರಿಗೆ ಕರೆ ಮಾಡಿ, ಕೂಡಲೇ ನೋಡಲು ಒಪ್ಪಿದರೆ ಅಲ್ಲಿಗೇ ಹೋಗಿ. ಫೋಟೋ ನೋಡಿ ‘ಏನೂ ಆಗಲ್ಲ, ನಾಳೆ ಬನ್ನಿ’ ಎಂದರೆ ಒಪ್ಪಬೇಡಿ. ರಕ್ತದ ಹರಿವನ್ನು ವಾಟ್ಸ್‌ಆ್ಯಪ್ ಚಿತ್ರದಲ್ಲಿ ನೋಡಿ ನಿರ್ಧರಿಸಲು ಬರುವುದಿಲ್ಲ. ಬೆರಳಿಟ್ಟು ಒತ್ತಿಯೇ ನೋಡಬೇಕು. ಕರೆ ಸಿಗದಿದ್ದರೆ ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ. ಸಂಜೆಯ ಸಿಲ್ಕ್ ಬೋರ್ಡ್ ದಟ್ಟಣೆಯನ್ನು ದಾಟಿ ಊರಿನ ಇನ್ನೊಂದು ತುದಿಯ ಹೆಸರಾಂತ ಆಸ್ಪತ್ರೆಗೆ ಹೋಗುವುದಕ್ಕಿಂತ, ಹೈಲುರಾನಿಡೇಸ್ ಇದೆಯೆಂದು ಫೋನಿನಲ್ಲಿ ಖಚಿತಪಡಿಸಿದ ಹತ್ತಿರದ ಆಸ್ಪತ್ರೆಯೇ ಮೇಲು.

ತುರ್ತು ವಿಭಾಗದ ಕಿರಿಯ ವೈದ್ಯರು ಇಂಥ ರೋಗಿಯನ್ನು ಹಿಂದೆ ನೋಡಿರದೇ ಇರಬಹುದು. ‘ಅಲರ್ಜಿ ಇರಬೇಕು’ ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸುವ ಸಾಧ್ಯತೆ ಇರುವುದರಿಂದ, ಮೊದಲ ಮಾತಿನಲ್ಲೇ ವಿಷಯ ಸ್ಪಷ್ಟವಾಗಿರಲಿ: “ಇಷ್ಟು ಗಂಟೆಗೆ ಮುಖದ ಈ ಭಾಗಕ್ಕೆ ಹೈಲುರಾನಿಕ್ ಆಮ್ಲದ ಫಿಲ್ಲರ್ ಹಾಕಿಸಿಕೊಂಡೆ. ರಕ್ತನಾಳ ಕಟ್ಟಿಕೊಂಡಿದೆ ಎಂಬ ಅನುಮಾನವಿದೆ. ಹೈಲುರಾನಿಡೇಸ್ ಬೇಕಾಗಬಹುದು, ದಯವಿಟ್ಟು ಚರ್ಮತಜ್ಞರನ್ನು ಅಥವಾ ಪ್ಲಾಸ್ಟಿಕ್ ಸರ್ಜನ್‌ರನ್ನು ಕರೆಸಿ.” ಔಷಧ ದಾಸ್ತಾನಿಲ್ಲ ಎಂದರೆ ಕಣ್ಣಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿಚಾರಿಸಲು ಕೇಳಿಕೊಳ್ಳಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಮರಗಟ್ಟಿಸುವ ಇಂಜೆಕ್ಷನ್‌ಗೆ ಇದೇ ಕಿಣ್ವವನ್ನು ಬೆರೆಸುವ ರೂಢಿ ಇರುವುದರಿಂದ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಚಿಕಿತ್ಸೆ ಹೀಗೆ ಸಾಗುತ್ತದೆ. ಇನ್ನೂ ಚುಚ್ಚುತ್ತಿದ್ದರೆ ನಿಲ್ಲಿಸುತ್ತಾರೆ. ಬಣ್ಣಗೆಟ್ಟ ಇಡೀ ಪ್ರದೇಶಕ್ಕೆ ಹೈಲುರಾನಿಡೇಸನ್ನು ಧಾರಾಳವಾಗಿ ಚುಚ್ಚಿ, ಚೆನ್ನಾಗಿ ಹರಡುವಂತೆ ತಿಕ್ಕಿ, ಬಿಸಿ ಬಟ್ಟೆಯ ಶಾಖ ಕೊಟ್ಟು, ಮತ್ತೆ ಒತ್ತಿ ನೋಡುತ್ತಾರೆ. ಸೌಂದರ್ಯದ ತಿದ್ದುಪಡಿಗೆ ಬಳಸುವ ಸಣ್ಣ ಪ್ರಮಾಣ ಇಲ್ಲಿ ಸಾಲದು. 2017ರಲ್ಲಿ ಪ್ರಕಟವಾಗಿ ಈಗ ವ್ಯಾಪಕವಾಗಿ ಅನುಸರಿಸುತ್ತಿರುವ ವಿಧಾನದಲ್ಲಿ ತುಟಿಯ ಅರ್ಧ ಭಾಗದಷ್ಟು ಜಾಗಕ್ಕೆ ಸುಮಾರು 500 ಯೂನಿಟ್ ಕೊಡುತ್ತಾರೆ, ವಿಸ್ತಾರ ಹೆಚ್ಚಿದ್ದರೆ ಪ್ರಮಾಣವೂ ಹೆಚ್ಚುತ್ತದೆ. ಬಣ್ಣ ಮರಳುವವರೆಗೆ ಸುಮಾರು ಗಂಟೆಗೊಮ್ಮೆ ಇದನ್ನೇ ಪುನರಾವರ್ತಿಸುತ್ತಾರೆ. ನಮ್ಮಲ್ಲಿ ಈ ಔಷಧ 1,500 ಯೂನಿಟ್‌ನ ವಯಲ್‌ಗಳಲ್ಲಿ ಬರುತ್ತದೆ. ಒಂದು ಸಲ ಚುಚ್ಚಿ ಕೂಡಲೇ ಮನೆಗೆ ಕಳಿಸುವುದು ಚಿಕಿತ್ಸೆಯಲ್ಲ. ಹರಿವು ಮರಳಿದೆ ಎಂದು ಖಚಿತವಾಗುವವರೆಗೆ ಅಲ್ಲೇ ಇರಬೇಕು, ಮರುದಿನ ಮತ್ತೆ ತೋರಿಸಬೇಕು. ಹೆಚ್ಚು ಆವರ್ತನದ ಅಲ್ಟ್ರಾಸೌಂಡ್ ಡಾಪ್ಲರ್ ಇರುವ ಕಡೆ ಜೆಲ್ ಎಲ್ಲಿ ನಿಂತಿದೆ ಎಂದು ನೋಡಿಕೊಂಡೇ ಚುಚ್ಚಬಹುದು. ಆಸ್ಪಿರಿನ್ ಕೊಡುವ ರೂಢಿಯೂ ಇದೆ. ಹೊಟ್ಟೆಹುಣ್ಣು, ಆಸ್ತಮಾ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ಜ್ವರವಿದ್ದು ಡೆಂಗಿ ಅನುಮಾನ ಇರುವವರು ಅದನ್ನು ಮೊದಲೇ ಹೇಳಬೇಕು.

ಜೇನುನೊಣ ಕಚ್ಚಿ ಹಿಂದೆ ತೀವ್ರ ಅಲರ್ಜಿ ಆಗಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಆ ನಂಜಿನಲ್ಲೂ ಹೈಲುರಾನಿಡೇಸ್ ಇರುತ್ತದೆ. ಸಾಮಾನ್ಯ ಸಂದರ್ಭದಲ್ಲಿ ಚರ್ಮದ ಮೇಲೆ ಸಣ್ಣ ಪರೀಕ್ಷೆ ಮಾಡಿ ಮುಂದುವರಿಯುತ್ತಾರೆ. ರಕ್ತನಾಳ ಕಟ್ಟಿದಾಗ ಆ ಪರೀಕ್ಷೆಗೆ ಹೊತ್ತು ಕಳೆಯದೆ, ತೀವ್ರ ಅಲರ್ಜಿಯಾದರೆ ಕೊಡಲೆಂದು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಚುಚ್ಚುವುದು ಒಪ್ಪಿತ ಕ್ರಮ.

ದಾರಿಯಲ್ಲಿ ಐಸ್ ಇಡಬೇಡಿ. ಊತಕ್ಕೆ ಒಳ್ಳೆಯದಾದ ಐಸ್, ಕಟ್ಟಿಕೊಂಡ ರಕ್ತನಾಳವನ್ನು ಇನ್ನಷ್ಟು ಸಂಕುಚಿಸುತ್ತದೆ. ಸುಡದಷ್ಟು ಬೆಚ್ಚಗಿನ ಬಟ್ಟೆ ಇಡಬಹುದು. ಗಂಟೆಗಳು ಕಳೆದಿವೆ, ಇನ್ನು ಹೋಗಿ ಫಲವಿಲ್ಲ ಎಂದುಕೊಳ್ಳುವುದೂ ತಪ್ಪು; ಮೊದಲ ಕೆಲವು ಗಂಟೆಗಳು ಅಮೂಲ್ಯ ನಿಜ, ಆದರೆ ಒಂದೆರಡು ದಿನ ತಡವಾಗಿ ಬಂದವರಲ್ಲೂ ಉಳಿಸಿಕೊಳ್ಳಬಹುದಾದ ಚರ್ಮ ಇರುತ್ತದೆ.

ಹೀಗೆ ತಡವಾದವರಲ್ಲಿ ಪದೇ ಪದೇ ಆಗುವ ಒಂದು ತಪ್ಪನ್ನು ಇಲ್ಲೇ ಹೇಳಬೇಕು. ಎರಡನೆಯ ಅಥವಾ ಮೂರನೆಯ ದಿನ ಅದೇ ಜಾಗದಲ್ಲಿ ಬಿಳಿ ತಲೆಯ ಸಣ್ಣ ಗುಳ್ಳೆಗಳು ಏಳುತ್ತವೆ. ಅವನ್ನು ಮೊಡವೆ ಎಂದೋ ಹರ್ಪಿಸ್ (ವೈರಸ್‌ನಿಂದ ಏಳುವ ಗುಳ್ಳೆ) ಎಂದೋ ಭಾವಿಸಿ ಮುಲಾಮು ಬರೆದುಕೊಟ್ಟರೆ ಒಳಗೆ ಚರ್ಮ ಸಾಯುತ್ತಿರುತ್ತದೆ. ತುಟಿಗೆ ಚುಚ್ಚಿದಾಗ ಹರ್ಪಿಸ್ ಮರುಕಳಿಸುವುದೂ ನಿಜವೇ, ಅದಕ್ಕೆ ಎಸೈಕ್ಲೋವಿರ್ ಜಾತಿಯ ಮಾತ್ರೆಗಳಿವೆ. ಆದರೆ ಗುಳ್ಳೆ ಏಳುವ ಮೊದಲೇ ಆ ಜಾಗ ಬಿಳಿಚಿತ್ತೇ, ನೇರಳೆಯಾಗಿತ್ತೇ ಎಂಬ ಪ್ರಶ್ನೆ ಕೇಳದೆ ಹರ್ಪಿಸ್ ಎಂದು ತೀರ್ಮಾನಿಸಬಾರದು. ಮೊದಲ ದಿನದ ಫೋಟೋ ಇದ್ದರೆ ಇಲ್ಲಿ ಬಹಳ ಉಪಕಾರವಾಗುತ್ತದೆ.

ಕಣ್ಣು ಮಂಜಾದರೆ

ಹುಬ್ಬುಗಳ ನಡುವೆ, ಮೂಗಿಗೆ, ಹಣೆಗೆ ಚುಚ್ಚುವಾಗ ದೃಷ್ಟಿ ಹೋಗುವ ಅಪಾಯ ಹೆಚ್ಚು. ಅಲ್ಲಿನ ಸಣ್ಣ ಅಪಧಮನಿಗಳು ಕಣ್ಣಿಗೆ ರಕ್ತ ಒಯ್ಯುವ ನಾಳದ ಕವಲುಗಳು. ಸಿರಿಂಜಿನ ಒತ್ತಡಕ್ಕೆ ಜೆಲ್ ಹಿಮ್ಮುಖವಾಗಿ ಹರಿದು, ಒತ್ತಡ ಬಿಟ್ಟೊಡನೆ ರಕ್ತದ ಜೊತೆ ಕಣ್ಣಿನ ಒಳಪರದೆಯಾದ ರೆಟಿನಾದತ್ತ ಸಾಗಬಹುದು. ಚುಚ್ಚಿದ ಕೆಲವೇ ಕ್ಷಣಗಳಲ್ಲಿ ಒಂದು ಕಣ್ಣು ಕತ್ತಲಾಗುವುದು, ಕಣ್ಣಿನೊಳಗೆ ತೀವ್ರ ನೋವು, ರೆಪ್ಪೆ ಜೋತು ಬೀಳುವುದು, ಎರಡೆರಡಾಗಿ ಕಾಣುವುದು, ವಾಂತಿ ಇದರ ಲಕ್ಷಣಗಳು. ರಕ್ತವಿಲ್ಲದೆ ರೆಟಿನಾ ಸುಮಾರು ಒಂದೂವರೆ ಗಂಟೆ ತಾಳುತ್ತದೆ ಎಂಬ ಲೆಕ್ಕ ಬಂದಿದ್ದು ಮಂಗಗಳ ಮೇಲಿನ ಪ್ರಯೋಗಗಳಿಂದ. ಮನುಷ್ಯರಲ್ಲಿ ಹಾನಿ ಅದಕ್ಕೂ ಮೊದಲೇ ಆಗಬಹುದು.

ಹಾಗಾಗಿ ಚರ್ಮತಜ್ಞರಿಂದ ಕಣ್ಣಿನ ವೈದ್ಯರಿಗೆ ಚೀಟಿ ಬರೆಸಿಕೊಂಡು ಹೋಗುವಷ್ಟು ವ್ಯವಧಾನ ಇಲ್ಲಿಲ್ಲ. ನೇರವಾಗಿ ಕಣ್ಣಿನ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು, ಹೊರಡುವಾಗಲೇ ಫೋನ್ ಮಾಡಿ ‘ಫಿಲ್ಲರ್ ನಂತರ ದೃಷ್ಟಿ ಹೋಗಿದೆ’ ಎಂದು ತಿಳಿಸಬೇಕು. ದೀಪಾವಳಿಯಲ್ಲಿ ಪಟಾಕಿ ಸಿಡಿದವರನ್ನು ಕರೆದೊಯ್ಯುವ ಚಾಮರಾಜಪೇಟೆಯ ಮಿಂಟೊ ಆಸ್ಪತ್ರೆ ಬೆಂಗಳೂರಿನವರಿಗೆ ಗೊತ್ತೇ ಇದೆ. ರಾಜಾಜಿನಗರದ ನಾರಾಯಣ ನೇತ್ರಾಲಯದಂಥ ಖಾಸಗಿ ಕಣ್ಣಾಸ್ಪತ್ರೆಗಳೂ ಇವೆ. ಕಣ್ಣಿನ ಒಳ ಒತ್ತಡವನ್ನು ಇಳಿಸುವ ಹನಿ ಮತ್ತು ಮಾತ್ರೆ, ಮುಚ್ಚಿದ ರೆಪ್ಪೆಯ ಮೇಲಿನಿಂದ ಕಣ್ಣುಗುಡ್ಡೆಯ ಮರ್ದನ, ಹೈಲುರಾನಿಡೇಸ್ ಇವನ್ನೆಲ್ಲ ಪ್ರಯತ್ನಿಸುತ್ತಾರೆ. ಪೂರ್ತಿ ಹೋದ ದೃಷ್ಟಿ ಮರಳುವುದು ವಿರಳ ಎಂಬ ಕಹಿ ಸತ್ಯವನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯವಾಗುತ್ತದೆ. ಮೂಗನ್ನು ನೆಟ್ಟಗೆ ಮಾಡಿಸಿಕೊಳ್ಳಲು ಫಿಲ್ಲರ್ ಆರಿಸಿಕೊಳ್ಳುವವರು ಇದನ್ನು ತಿಳಿದೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

ಇದರ ಜೊತೆ ಬಾಯಿ ವಾರೆಯಾಗಿದ್ದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. 108ಕ್ಕೆ ಕರೆ ಮಾಡಿ, ನಿಮ್ಹಾನ್ಸ್ ಅಥವಾ ಪಾರ್ಶ್ವವಾಯು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದರೆ ಅದು ತೀವ್ರ ಅಲರ್ಜಿ. ಅಲ್ಲೂ ಮೊದಲ ಮದ್ದು ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿ ಮಾತ್ರೆಯಲ್ಲ.

ಬೆಳಗಿನವರೆಗೆ ಕಾಯಬಹುದಾದವು

ಎರಡು ಮೂರು ದಿನ ಊತ, ಒಂದು ವಾರದಿಂದ ಹತ್ತು ದಿನ ನೆತ್ತರುಗಟ್ಟಿದ ಕಲೆ ಇರುವುದು ಸಹಜ. ಬಣ್ಣ, ನೋವು, ದೃಷ್ಟಿ ಮೂರೂ ಸರಿಯಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ತಲೆ ಎತ್ತರಿಸಿ ಮಲಗಿ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಒಂದೆರಡು ದಿನ ಜಿಮ್, ಸ್ಟೀಮ್, ಪಾರ್ಲರ್‌ನ ಫೇಶಿಯಲ್ ಬೇಡ.

ಮದುವೆಗೆಂದು ಫಿಲ್ಲರ್ ಹಾಕಿಸಿಕೊಳ್ಳುವವರಿಗೆ ಒಂದು ಮಾತು. ಮುಹೂರ್ತಕ್ಕೆ ನಾಲ್ಕೈದು ದಿನವಿರುವಾಗ ಚುಚ್ಚಿಸಿಕೊಂಡು, ಮರುದಿನವೇ ಅರಿಶಿನ ಶಾಸ್ತ್ರಕ್ಕೆ ಕೂತರೆ ಇನ್ನೂ ಮುಚ್ಚದ ಸೂಜಿ ತೂತುಗಳ ಮೇಲೆ ಎಲ್ಲರ ಕೈ, ಹಿಟ್ಟು, ಎಣ್ಣೆ ಬೀಳುತ್ತದೆ. ಸೋಂಕಿಗೆ ಇದಕ್ಕಿಂತ ಸುಲಭದ ದಾರಿ ಬೇಡ. ಊತ ಇಳಿದು ತಿದ್ದುಪಡಿಗೂ ಕಾಲ ಸಿಗುವಂತೆ ಕನಿಷ್ಠ ಒಂದು ತಿಂಗಳ ಅಂತರವಿರಲಿ.

ಸೋಂಕು ಮತ್ತು ತಡವಾಗಿ ಏಳುವ ಗಂಟುಗಳು

ಮೂರನೆಯ ದಿನದ ನಂತರ ಊತ ಇಳಿಯುವ ಬದಲು ಏರುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ, ಕೀವು ಅಥವಾ ಜ್ವರ ಬಂದರೆ ಸೋಂಕು ಎಂದು ತಿಳಿದು ಅಂದೇ ವೈದ್ಯರನ್ನು ನೋಡಬೇಕು. ಇಂಥ ಜಾಗವನ್ನು ತಿಕ್ಕಬಾರದು, ಒತ್ತಿ ಕೀವು ತೆಗೆಯಬಾರದು. ಆ್ಯಂಟಿಬಯೋಟಿಕ್ ಶುರುವಾಗದೆ ಹೈಲುರಾನಿಡೇಸ್ ಚುಚ್ಚಿದರೆ ಸೋಂಕು ಅಕ್ಕಪಕ್ಕಕ್ಕೆ ಹರಡಬಹುದು, ಆದ್ದರಿಂದ ರಕ್ತನಾಳ ಕಟ್ಟಿದ ಸಂದರ್ಭವೊಂದನ್ನು ಬಿಟ್ಟು ಇಲ್ಲಿ ಆತುರ ಬೇಡ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದರೆ ಸಿಗುವ ಬೆಟ್ನೊವೇಟ್‌ನಂಥ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಕೆಂಪು ಮರೆಯಾಗಿ, ಸೋಂಕು ಒಳಗೊಳಗೇ ಬೆಳೆಯುತ್ತದೆ.

ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ ಏಳುವ ಗಂಟುಗಳದ್ದು ಬೇರೆಯೇ ಕಥೆ. ನೋವಿಲ್ಲದ, ಮೊದಲ ದಿನದಿಂದಲೇ ಇರುವ ಗಂಟು ಬಹುಶಃ ಒಂದೇ ಕಡೆ ಶೇಖರವಾದ ಜೆಲ್, ಬೇಡವಾದರೆ ಕರಗಿಸಬಹುದು. ಆಮೇಲೆ ಹುಟ್ಟಿ, ಕೆಂಪಾಗಿ, ಬಂದು ಹೋಗುತ್ತಿರುವ ಗಂಟು ದೇಹದ ರೋಗನಿರೋಧಕ ವ್ಯವಸ್ಥೆ ಜೆಲ್‌ನ ವಿರುದ್ಧ ಎದ್ದಿರುವುದರಿಂದಲೂ, ಜೆಲ್‌ಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಪದರದಿಂದಲೂ ಆಗಬಹುದು. ವೈರಲ್ ಜ್ವರ, ಹಲ್ಲಿನ ಚಿಕಿತ್ಸೆ, ಲಸಿಕೆ ಇದನ್ನು ಕೆರಳಿಸುವುದುಂಟು. 2020ರ ಡಿಸೆಂಬರ್‌ನಲ್ಲಿ ಮಾಡರ್ನಾ ಕೋವಿಡ್ ಲಸಿಕೆಯ ಪರೀಕ್ಷೆಯ ವರದಿಯಲ್ಲಿ ಫಿಲ್ಲರ್ ಹಾಕಿಸಿಕೊಂಡಿದ್ದ ಕೆಲವರ ಮುಖ, ತುಟಿ ಊದಿದ್ದು ದಾಖಲಾಗಿತ್ತು. ಅದು ಚಿಕಿತ್ಸೆಗೆ ಬಗ್ಗುವಂಥದ್ದು, ಲಸಿಕೆ ತಪ್ಪಿಸಲು ಕಾರಣವಲ್ಲ.

ಇಂಥ ಗಂಟುಗಳಿಗೆ ಡಾಕ್ಸಿಸೈಕ್ಲಿನ್, ಕ್ಲಾರಿಥ್ರೋಮೈಸಿನ್ ಮುಂತಾದ ಆ್ಯಂಟಿಬಯೋಟಿಕ್‌ಗಳನ್ನು ಕೆಲವು ವಾರ ಕೊಟ್ಟು, ಅವುಗಳ ರಕ್ಷಣೆಯಲ್ಲಿ ಜೆಲ್ ಕರಗಿಸಿ, ಆಮೇಲೂ ಉಳಿದರೆ ಗಂಟಿನೊಳಗೆ ಸ್ಟಿರಾಯ್ಡ್ ಚುಚ್ಚುವುದು ವಿವೇಕದ ಕ್ರಮ. ಮೊದಲ ಭೇಟಿಯಲ್ಲೇ ಸ್ಟಿರಾಯ್ಡ್ ಚುಚ್ಚಲು ಹೊರಟರೆ ‘ಸೋಂಕಿಲ್ಲ ಎಂದು ಖಚಿತವೇ?’ ಎಂದು ಕೇಳಿ. ಗಂಟು ಒಡೆದು ತಿಂಗಳಾದರೂ ಸೋರುತ್ತಲೇ ಇದ್ದರೆ, ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದಿದ್ದರೆ, ಅದರ ಮಾದರಿಯನ್ನು ಕ್ಷಯದ ಕುಲಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಾಗಳಿಗಾಗಿ ಪರೀಕ್ಷಿಸಲೇಬೇಕು. ಶುಚಿಯಿಲ್ಲದ ನೀರು, ಉಪಕರಣಗಳಿಂದ ಬರುವ ಈ ಸೋಂಕಿಗೆ ಔಷಧವೇ ಬೇರೆ, ಅವಧಿ ತಿಂಗಳುಗಟ್ಟಲೆ.

ಕಣ್ಣಿನ ಕೆಳಗೆ ಮೇಲುಮೇಲಾಗಿ ಚುಚ್ಚಿದ ಜೆಲ್ ನೀಲಿಯಾಗಿ ಕಾಣುವುದು, ತುಟಿಯ ಜೆಲ್ ಗೆರೆ ದಾಟಿ ಮೇಲಕ್ಕೆ ಸರಿಯುವುದು ಅಪಾಯವಲ್ಲ. ಸಣ್ಣ ಪ್ರಮಾಣದ ಹೈಲುರಾನಿಡೇಸ್‌ನಿಂದ ಸರಿಹೋಗುತ್ತದೆ. ಅದರ ಮೇಲೆ ಇನ್ನಷ್ಟು ಫಿಲ್ಲರ್ ತುಂಬಿ ಮುಚ್ಚುತ್ತೇವೆ ಎನ್ನುವವರಿಂದ ದೂರವಿರಿ.

ದಾಖಲೆ, ದೂರು

ಚಿಕಿತ್ಸೆ ನಡೆಯುತ್ತಿರುವಾಗಲೇ ದಿನಕ್ಕೆರಡು ಬಾರಿ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ, ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ ಕೇಳಿ ಪಡೆಯಿರಿ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಲಿಖಿತವಾಗಿ ಕೇಳಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರ ಕಾಣುವಂತೆ ಇರಬೇಕು. ಸಲೂನ್‌ನಲ್ಲೋ, ವೈದ್ಯರಲ್ಲದವರ ಕೈಯಲ್ಲೋ ಚುಚ್ಚಿಸಿಕೊಂಡಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಬಹುದು. ನೋಂದಾಯಿತ ವೈದ್ಯರ ನಿರ್ಲಕ್ಷ್ಯವಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಪರಿಹಾರಕ್ಕಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ವೈದ್ಯರು ಲಕ್ಷಣವನ್ನು ಗುರುತಿಸಿ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟಿದ್ದರೆ, ತೊಂದರೆಯಾಯಿತು ಎಂಬುದಷ್ಟೇ ನಿರ್ಲಕ್ಷ್ಯವಾಗುವುದಿಲ್ಲ ಎಂಬುದೂ ನೆನಪಿರಲಿ.

ಆನ್‌ಲೈನ್‌ನಲ್ಲಿ ಸಿಗುವ, ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ತೂರಿಸುವ ‘ಹೈಲುರಾನ್ ಪೆನ್’ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಎಚ್ಚರಿಸಿದೆ. ಅದನ್ನು ಮನೆಯಲ್ಲಿ ಬಳಸಿ ತೊಂದರೆಯಾದವರು ನಾಚಿಕೆಯಿಂದ ಮುಚ್ಚಿಡದೆ, ಬಳಸಿದ ಬಾಟಲಿಯನ್ನೇ ವೈದ್ಯರ ಮುಂದಿಡಬೇಕು.

ಚರ್ಮ ಸತ್ತು ಗಾಯವಾಗಿದ್ದರೆ

ಕಪ್ಪು ಹಕ್ಕಳೆಯನ್ನು ಕಿತ್ತು ತೆಗೆಯಬೇಡಿ. ವೈದ್ಯರು ಹೇಳಿದ ಮುಲಾಮಿನಿಂದ ಗಾಯವನ್ನು ತೇವವಾಗಿಟ್ಟು ಮುಚ್ಚಿ, ದಿನವೂ ಡ್ರೆಸ್ಸಿಂಗ್ ಬದಲಿಸಿ, ಸತ್ತ ಭಾಗವನ್ನು ತೆಗೆಯುವುದಿದ್ದರೆ ಪ್ಲಾಸ್ಟಿಕ್ ಸರ್ಜನ್ ನಿರ್ಧರಿಸಲಿ. ಗಾಯ ಮುಚ್ಚಿದ ಮೇಲೆ ನಮ್ಮ ಮೈಬಣ್ಣದವರಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೋಡ ಮುಸುಕಿದ ದಿನವೂ ಸನ್‌ಸ್ಕ್ರೀನ್ ಬಿಡಬಾರದು, ಉಬ್ಬುವ ಕಲೆಗೆ ಸಿಲಿಕೋನ್ ಜೆಲ್ ಹಚ್ಚಬಹುದು. ಕಲೆ ಮೃದುವಾಗುವ ಮುನ್ನ, ಅಂದರೆ ಮೊದಲ ಕೆಲವು ತಿಂಗಳಲ್ಲಿ, ಕಲೆ ತಿದ್ದುವ ಶಸ್ತ್ರಚಿಕಿತ್ಸೆಗೆ ಅವಸರಿಸಬೇಡಿ. ಲೇಸರ್ ಮಾಡಿಸುವುದಾದರೆ ಕಂದು ಚರ್ಮದ ಮೇಲೆ ಅದನ್ನು ಪ್ರಯೋಗಿಸಿ ಪಳಗಿದ ಚರ್ಮತಜ್ಞರನ್ನೇ ಹುಡುಕಿ, ಮೊದಲು ಕಿವಿಯ ಹಿಂದೆ ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಲು ಹೇಳಿ.